ಬಿಲ್ಲಿನ ಹಿಂದೆ ಹೋದ ಬೆಕ್ಕು

ನಮ್ಮ ಮನೆಯ ಬೆಕ್ಕಿಗೆ ಹೆಸರಿರಲಿಲ್ಲ. ಅಪ್ಪ ಅದನ್ನು ‘ಲೇ’ ಎಂದು ಕರೆಯುತ್ತಿದ್ದ, ಅದು ಬರುತ್ತಿತ್ತು. ಅವ್ವನನ್ನೂ ಅಪ್ಪ ‘ಲೇ’ ಎಂದೇ ಕರೆಯುತ್ತಿದ್ದ. ಹೀಗಾಗಿ ಅವನು ಅಂಗಳದಿಂದ ಒಮ್ಮೆ ಕೂಗಿದರೆ ಒಳಗೆ ಎರಡು ತಲೆ ಮೇಲೇಳುತ್ತಿದ್ದವು. ‘ಯಾರ್ನ ಕರದ್ರಿ?’ ಎಂದು ಅವ್ವ ಕೇಳಿದರೆ, ‘ಯಾರು ಮೊದಲು ಬರ್ತಾರ ಅವರ್ನ’ ಎನ್ನುತ್ತಿದ್ದ. ಮೊದಲು ಹೋಗುತ್ತಿದ್ದುದು ಬೆಕ್ಕೇ. ಅವ್ವ ಕೈಯಲ್ಲಿದ್ದ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು, ಸೆರಗು ಸರಿ ಮಾಡಿಕೊಂಡು, ತನಗೇನೂ ಅವಸರವಿಲ್ಲ ಎಂಬಂತೆ ಏಳುತ್ತಿದ್ದಳು.

ನಾವು ಕೊಟ್ಟೂರಿನ ಪಿಂಜಾರರು. ಅಪ್ಪ ಹತ್ತಿ ಹಿಂಜುತ್ತಿದ್ದ. ಅವ್ವ ಮತ್ತು ಅಜ್ಜಿ, ಅಂದರೆ ಅಪ್ಪನ ತಾಯಿ, ಗಾದಿ ತಲೆದಿಂಬು ಹೊಲಿಯುತ್ತಿದ್ದರು. ಈಗಿನವರಿಗೆ ಬಿಡಿಸಿಯೇ ಹೇಳಬೇಕು: ಆಳುದ್ದದ ಬಿಲ್ಲನ್ನು ಜಂತಿಗೆ ತೂಗಿಬಿಟ್ಟು ಅದರ ತಂತಿಯನ್ನು ಮರದ ಕೊಡತಿಯಿಂದ ಮೀಟಿದರೆ, ಗಂಟುಗಟ್ಟಿದ ಹಳೆ ಹತ್ತಿ ಬಿಡಿಬಿಡಿಯಾಗಿ ಹಾರಿ ಗುಡ್ಡೆ ಬೀಳುತ್ತಿತ್ತು. ಆ ಗುಡ್ಡೆಯ ನಡುವೆ ಬೆಕ್ಕು ಮಲಗುತ್ತಿತ್ತು. ‘ಗಿರಾಕಿ ಮದುವಿ ಗಾದ್ಯಾಗ ಬೆಕ್ಕಿನ ಕೂದಲ ತುಂಬಿ ಕೊಡ್ತೀಯೇನೋ’ ಎಂದು ಅಜ್ಜಿ ಬೈದರೆ, ‘ಬೆಚ್ಚಗಿರ್ತತಿ ಬಿಡಬೇ’ ಎಂದು ಅಪ್ಪ ನಗುತ್ತಿದ್ದ.

ಮದುವೆಯ ಕಾಲ ಹತ್ತಿರವಾದಂತೆ ಅಪ್ಪ ಬಿಲ್ಲು ಹೆಗಲಿಗೇರಿಸಿ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಿಗೆ ಹೊರಟುಬಿಡುತ್ತಿದ್ದ. ಒಂದು ಊರಿನ ಕೆಲಸ ಮುಗಿದರೆ ಇನ್ನೊಂದು ಊರು. ತಿಂಗಳುಗಟ್ಟಲೆ ಮನೆಯಲ್ಲಿ ಆ ಡಂಯ್ ಡಂಯ್ ಸದ್ದಿರುತ್ತಿರಲಿಲ್ಲ. ಹೆಂಗಸರು ಜೊತೆಗೆ ಹೋಗುವಂತಿರಲಿಲ್ಲ. ‘ಬಿಲ್ಲು ಹೊರಗ ಹೋದ್ರ ಸೂಜಿ ಮನ್ಯಾಗಿರಬೇಕು’ ಎಂಬುದು ಅಜ್ಜಿಯ ಕಾನೂನು. ಗಂಡನ ಹಿಂದೆ ಹೋದವಳನ್ನು ಓಣಿಯವರು ‘ಬಿಲ್ಲಿನ ಬಾಲ’ ಎಂದು ಆಡಿಕೊಳ್ಳುತ್ತಿದ್ದರು. ಅವ್ವ ಹೋಗುತ್ತಿರಲಿಲ್ಲ. ಅಪ್ಪನ ನೆನಪಾಗುತ್ತದೆ ಎಂದು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಅತ್ತೆಯ ಮುಂದೆ ಅಂಥ ಮಾತು ಆಡುವುದಕ್ಕಿಂತ ಬಾವಿ ಹಾರುವುದು ಲೇಸು ಎಂದುಕೊಳ್ಳುವ ಕಾಲ ಅದು. ನನಗೆ ಈಗಲೂ ಆ ಕಾಲದ ಮೇಲೆ ಸಿಟ್ಟಿದೆ.

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ, ಅಪ್ಪ ಹೋಗಿ ಬಹಳ ದಿನವಾದ ಮೇಲೆ, ಬೆಕ್ಕು ಊಟ ಬಿಟ್ಟಿತು.

ಮೊದಲು ಹಾಲು ಮೂಸಿ ಹಿಂದೆ ಸರಿಯಿತು. ಇಲಿ ಹಿಡಿದು ತಿಂದಿರಬೇಕು ಎಂದು ಸುಮ್ಮನಾದೆವು. ಮಾರನೆಯ ದಿನ ಒಣಮೀನನ್ನೂ ಮುಟ್ಟಲಿಲ್ಲ. ಬಾಯಿಂದ ಜೊಲ್ಲು, ಆಗಾಗ ವಾಂತಿ. ಅಪ್ಪ ಬಿಟ್ಟುಹೋದ ಹಳೆ ರುಮಾಲಿನ ಮೇಲೆ ಮುದುಡಿ ಕುಳಿತರೆ ಏಳುತ್ತಿರಲಿಲ್ಲ. ನಾನು ಸಾಲೆಯಿಂದ ಓಡಿ ಬಂದು ಅದರ ಮುಂದೆ ಮಂಡಿಯೂರಿ, ಅನ್ನ ಹಾಲು ಕಿವುಚಿ, ಬೆರಳ ತುದಿಯಲ್ಲಿ ಮೂಗಿಗೆ ಸವರುತ್ತಿದ್ದೆ. ನೆಕ್ಕಲಿ ಎಂದು. ಅದು ಮುಖ ತಿರುಗಿಸುತ್ತಿತ್ತು. ಅವ್ವ ದವಡೆ ಒತ್ತಿ ಚಮಚದಲ್ಲಿ ಹಾಲು ಬಿಟ್ಟರೆ ಅಷ್ಟೂ ಗದ್ದದಿಂದ ಇಳಿದು ರುಮಾಲು ತೊಯ್ಯುತ್ತಿತ್ತು. ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಬೆರಳಿಗೆ ತಾಕುತ್ತಿದ್ದವು. ದನದ ದವಾಖಾನೆಗೆ ಬೆಕ್ಕನ್ನು ಒಯ್ಯುವ ರೂಢಿ ನಮ್ಮ ಕಡೆ ಇರಲಿಲ್ಲ.

‘ಏನಾಗೇತಿ ಇದಕ್ಕ?’ ಎಂದು ಓಣಿಯವರು ಕೇಳಿದಾಗ ಅವ್ವ ಒಂದೇ ಮಾತು ಹೇಳುತ್ತಿದ್ದಳು. ‘ಇವರಪ್ಪನ ನೆನಪ ಹತ್ತೈತಿ. ಅವರಿಲ್ಲಂದ್ರ ಇದರ ಗಂಟಲಾಗ ತುತ್ತು ಇಳಿಯಂಗಿಲ್ಲ.’ ಕೇಳಿದವರಿಗೆಲ್ಲ ಹೇಳಿದಳು, ಕೇಳದವರಿಗೂ ಹೇಳಿದಳು. ‘ರಾತ್ರೆಲ್ಲ ಬಾಗಿಲ ಕಡಿಗೇ ನೋಡತತಿ’ ಎಂದಳು. ಬೆಕ್ಕು ಗೋಡೆಗೆ ಮುಖ ಮಾಡಿ ಮಲಗಿತ್ತು. ಬಾಗಿಲು ನೋಡುತ್ತಿದ್ದವರು ಯಾರೆಂದು ನನಗೆ ತಿಳಿಯಲು ನಾನೂ ಒಬ್ಬರಿಗೆ ಹೆಂಡತಿಯಾಗಬೇಕಾಯಿತು.

ಅಪ್ಪ ತಂಬ್ರಹಳ್ಳಿಯಲ್ಲಿದ್ದಾನೆಂದು ಸಂತೆಗೆ ಬಂದವರು ಸುದ್ದಿ ತಂದಿದ್ದರು. ಅವ್ವ ಅಜ್ಜಿಯ ಮುಂದೆ ನಿಂತಳು. ‘ಅತ್ತಿ, ಇದು ಅವರ ಮುಖ ನೋಡದ ಉಳಿಯಂಗಿಲ್ಲ. ಒಯ್ದು ತೋರಿಸ್ಕೊಂಡು ಬರ್ತೀನಿ.’

ಅಜ್ಜಿ ಬಹಳ ಹೊತ್ತು ಎಲೆ ಅಡಿಕೆ ಜಗಿದಳು. ಬೇಡ ಅನ್ನುವುದು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆದರೆ ಅವಳಿಗೆ ಒಂದು ಹೆದರಿಕೆ ಇತ್ತು. ‘ಮನ್ಯಾಗ ಬೆಕ್ಕು ಸತ್ರ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕಂತ. ನನ್ನ ಮೂಗಿಗೇ ಬಂಗಾರಿಲ್ಲ. ಒಯ್ಯಿ, ಅವನ ಮುಂದ ಇಡು. ಹೊತ್ತು ಮುಳುಗೋದ್ರಾಗ ಬರ್ರಿ’ ಎಂದಳು.

ಅವ್ವ ಬುಟ್ಟಿಗೆ ಹತ್ತಿ ಹಾಸಿ ಬೆಕ್ಕನ್ನು ಮಲಗಿಸಿದಳು. ಆಮೇಲೆ ತಲೆ ಬಾಚಿ, ಪೆಟ್ಟಿಗೆಯಿಂದ ನೀಲಿ ಸೀರೆ ತೆಗೆದು ಉಟ್ಟು, ಕನಕಾಂಬರ ಮುಡಿದಳು. ನನಗೆ ಉರಿದುಹೋಯಿತು. ‘ಬೆಕ್ಕು ಸಾಯಾಕತ್ತೈತಿ, ನೀ ಹೂ ಮುಡ್ಕೊಂತೀಯಲ್ಲ?’ ಎಂದೆ. ‘ರೈಲಿನ್ಯಾಗ ನಾಕು ಮಂದಿ ನೋಡ್ತಾರ, ಸುಮ್ಮನ ನಡಿ’ ಎಂದಳು.

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ರೈಲು, ಅಲ್ಲಿಂದ ಬಸ್ಸು. ಬುಟ್ಟಿ ನನ್ನ ತೊಡೆಯ ಮೇಲಿತ್ತು. ನಾನು ಬಟ್ಟೆ ಸರಿಸಿ ಸರಿಸಿ ಉಸಿರಾಡುತ್ತಿದೆಯೇ ಎಂದು ನೋಡುತ್ತಿದ್ದೆ. ಅವ್ವ ಕಿಟಕಿಯಾಚೆ ನೋಡುತ್ತಿದ್ದಳು.

ತಂಬ್ರಹಳ್ಳಿಯಲ್ಲಿ ರೈತರೊಬ್ಬರ ಮನೆಯ ದನದ ಕೊಟ್ಟಿಗೆಯನ್ನು ಖಾಲಿ ಮಾಡಿಸಿ ಅಪ್ಪ ಬಿಲ್ಲು ಕಟ್ಟಿದ್ದ. ಸದ್ದು ಬೀದಿಯ ತುದಿಗೇ ಕೇಳಿಸಿತು. ಅವ್ವನ ನಡಿಗೆ ಜೋರಾಯಿತು, ನಾನು ಬುಟ್ಟಿ ಹೊತ್ತು ಹಿಂದೆ ಬಿದ್ದೆ. ಅಪ್ಪನ ಗಡ್ಡ, ಹುಬ್ಬು, ಕಿವಿಯ ಮೇಲೆಲ್ಲ ಹತ್ತಿ ಕೂತು ಮುದುಕನಂತೆ ಕಂಡ. ನಮ್ಮನ್ನು ನೋಡಿ ಕೊಡತಿ ಕೆಳಗಿಟ್ಟ. ‘ಲೇ’ ಎಂದ, ಅಷ್ಟೇ. ಬುಟ್ಟಿಯಲ್ಲಿ ಒಂದು ಕಿವಿ ಅಲುಗಿತು. ಅವ್ವ ತಲೆ ತಗ್ಗಿಸಿದಳು.

‘ನಿಮ್ಮ ನೆನಪಿಗೆ ಊಟ ಬಿಟ್ಟೈತ್ರಿ ಇದು’ ಎಂದಳು ಅವ್ವ. ಬೆಳಗಿನಿಂದ ಬಾಯಿಪಾಠ ಮಾಡಿಕೊಂಡು ಬಂದಂತಿತ್ತು. ‘ನೋಡ್ರಿ, ಹೆಂಗಾಗೈತಿ.’

ಅಪ್ಪ ಬೆಕ್ಕನ್ನು ಬೆಳಕಿಗೆ ತಂದು, ತೊಡೆಯ ಸಂದಿಯಲ್ಲಿ ಹಿಡಿದು, ಬಾಯಿ ಅಗಲಿಸಿ, ನಾಲಿಗೆಯನ್ನು ಬೆರಳಿನಿಂದ ಮೇಲೆತ್ತಿದ. ನಾವು ಹಲ್ಲು ನೋಡಿದ್ದೆವು, ಗಂಟಲು ನೋಡಿದ್ದೆವು. ನಾಲಿಗೆಯ ಕೆಳಗೆ ಯಾರು ನೋಡುತ್ತಾರೆ? ‘ನೆನಪೂ ಇಲ್ಲ, ಏನೂ ಇಲ್ಲ’ ಎಂದ ಅಪ್ಪ. ‘ದಾರ ಐತಿ ಇಲ್ಲಿ.’

ಗಾದಿ ಹೊಲಿಯುವ ದಪ್ಪ ದಾರ. ನಾಲಿಗೆಯ ಬುಡಕ್ಕೆ ಸುತ್ತಿಕೊಂಡು, ಒಂದು ತುದಿ ಹೊಟ್ಟೆಗೆ ಇಳಿದಿತ್ತು. ನಮ್ಮ ಮನೆಯಲ್ಲಿ ದಾರ ಸಲೀಸಾಗಿ ಓಡಲೆಂದು ಅದಕ್ಕೆ ಜೇನುಮೇಣ ಸವರುತ್ತಿದ್ದೆವು. ಮೇಣ ತರುತ್ತಿದ್ದವನು ಅಪ್ಪ. ಅವನಿಲ್ಲದಾಗ ಅದು ಮುಗಿದು, ಅಜ್ಜಿ ಕುರಿಯ ಕೊಬ್ಬು ಸವರಲು ಶುರು ಮಾಡಿದ್ದಳು. ಕೊಬ್ಬು ಸವರಿದ ದಾರವನ್ನು ಬೆಕ್ಕಿನ ಮನೆಯಲ್ಲಿ ಬಿಟ್ಟರೆ ಬೆಕ್ಕು ಬಿಟ್ಟೀತೇ? ಇಷ್ಟು ಸಣ್ಣ ವಿಚಾರ ಮೂರು ಜನ ಹೆಂಗಸರಿಗೆ ಹೊಳೆಯಲಿಲ್ಲ. ನೆನಪು ಎಂಬ ಕಾರಣ ಅಷ್ಟು ಚೆನ್ನಾಗಿ ಹೊಂದಿಕೊಂಡುಬಿಟ್ಟಿತ್ತು.

ಸುತ್ತ ನಿಂತವರು ನಕ್ಕರು. ‘ಪಿಂಜಾರ ಬೆಕ್ಕು ತಾನೂ ಗಾದಿ ಹೊಲ್ಯಾಕ ಕಲತೈತಿ’ ಎಂದು ಯಾರೋ ಅಂದರು. ಅವ್ವನ ಮುಖ ಕೆಂಪಾಯಿತು, ಮುಡಿದ ಹೂವನ್ನು ಸೆರಗಿನಿಂದ ಮುಚ್ಚಿಕೊಂಡಳು. ನನಗೆ ಅವಳನ್ನು ನೋಡಲಾಗಲಿಲ್ಲ. ದಾರವನ್ನು ಕಿತ್ತು ಒಗೆಯಲು ಕೈ ಹಾಕಿದೆ. ಅಪ್ಪ ತಡೆದ. ‘ಎಳಿಬ್ಯಾಡ. ಕೂತ ದಾರ ಎಳದ್ರ ಬಟ್ಟಿ ಹರೀತತಿ’ ಎಂದು ಕತ್ತರಿಯ ತುದಿಯಿಂದ ನಾಲಿಗೆಯ ಕೆಳಗಿನ ಸುತ್ತನ್ನಷ್ಟೇ ಕತ್ತರಿಸಿದ. ಉಳಿದದ್ದು ತಾನಾಗಿ ಹೋಗಲಿ ಎಂದ. ಹೋಯಿತು ಕೂಡ, ಅದರ ವರ್ಣನೆ ಬೇಡ.

ದಾರ ಬಿಟ್ಟರೂ ಬೆಕ್ಕು ತಿನ್ನಲಿಲ್ಲ. ನಾಲಿಗೆಯ ಬುಡ ಹುಣ್ಣಾಗಿತ್ತು. ಅಪ್ಪ ಬಿಲ್ಲಿನ ಕಡೆ ನೋಡುತ್ತ ಹೇಳಿದ, ‘ಇವತ್ತ ಒಯ್ದ್ರ ದಾರ್ಯಾಗ ಸಾಯ್ತತಿ. ತಿನ್ನಾಕ ಹತ್ತಲಿ, ಆಮ್ಯಾಲ ಹೋಗೀರಂತ.’ ಅವ್ವ ‘ಅತ್ತಿ ಬೈತಾರ’ ಎಂದಳು. ಹಾಗೆನ್ನುತ್ತಲೇ ಬುಟ್ಟಿಯನ್ನು ಕೊಟ್ಟಿಗೆಯ ಮೂಲೆಗೆ ಒಯ್ದಿಟ್ಟಳು.

ಆ ಮನೆಯ ಗೌಡತಿ ದೊಡ್ಡ ದನಿಯ, ದೊಡ್ಡ ಕೈಯ ಹೆಂಗಸು. ಆಡಿನ ಹಾಲು ಕೊಟ್ಟಳು. ಅಪ್ಪ ಆಗತಾನೆ ಹಿಂಜಿದ ಹತ್ತಿಯಿಂದ ಅವ್ವ ಎಳೆ ತೆಗೆದು, ಬತ್ತಿ ಹೊಸೆದು, ಹಾಲಿನಲ್ಲಿ ಅದ್ದಿ ಬೆಕ್ಕಿನ ತುಟಿಯ ಮೂಲೆಗೆ ಹಿಂಡುತ್ತಿದ್ದಳು. ಒಂದು ಹನಿ ಒಳಗೆ, ಮೂರು ಹನಿ ಹೊರಗೆ. ಅದು ಕೆಮ್ಮಿದರೆ ನಿಲ್ಲಿಸಿ ಕುತ್ತಿಗೆ ನೀವುವುದು, ಮತ್ತೆ ಅದ್ದುವುದು. ನಾನು ಬಟ್ಟಲು ಹಿಡಿದು ಕೂರುತ್ತಿದ್ದೆ. ಅವ್ವನಿಗೆ ಕೈ ನೋವು ಬಂದರೆ ಬತ್ತಿ ನನ್ನ ಕೈಗೆ ಬರುತ್ತಿತ್ತು. ‘ಅವಸರ ಮಾಡಬ್ಯಾಡ. ಅದು ನುಂಗೋ ತನಕ ನೀನೂ ಉಸಿರು ಹಿಡಿ’ ಎನ್ನುತ್ತಿದ್ದಳು. ಬೆಕ್ಕು ಉಳಿಯಲಿ ಎಂದು ನಾನು ಪೀರಪ್ಪನಿಗೂ ಬೇಡಿಕೊಂಡೆ, ದೂರದ ಉಚ್ಚಂಗೆಮ್ಮನಿಗೂ ಬೇಡಿಕೊಂಡೆ.

ಬೆಕ್ಕು ಮಲಗಿದಾಗ ಅವ್ವ ಸುಮ್ಮನಿರಲಾರದೆ ಸೂಜಿ ಹಿಡಿದಳು. ಅಪ್ಪ ಹಿಂಜಿದ್ದನ್ನು ಅಲ್ಲೇ ತುಂಬಿ ಅಲ್ಲೇ ಹೊಲಿದಳು. ಹೊರಗೆ ಹೋದ ಬಿಲ್ಲಿನ ಪಕ್ಕದಲ್ಲಿ ಸೂಜಿ ಇದ್ದದ್ದು ನಮ್ಮ ವಂಶದಲ್ಲಿ ಅದೇ ಮೊದಲಿರಬೇಕು. ಸಂಜೆ ಇಬ್ಬರೂ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಉಪ್ಪು, ಹುಣಸೆ, ನನ್ನ ಸಾಲೆ, ಸೋರುವ ಮಾಳಿಗೆ, ಬೇರೇನಿಲ್ಲ. ಆದರೆ ಅಷ್ಟು ಮಾತು ನಮ್ಮ ಮನೆಯಲ್ಲಿ ಒಂದು ವರ್ಷಕ್ಕೂ ಆಗುತ್ತಿರಲಿಲ್ಲ. ಅವ್ವ ಬಾಯಿಗೆ ಸೆರಗು ಹಿಡಿಯದೆ ನಕ್ಕಿದ್ದನ್ನು ನಾನು ಅಲ್ಲಿ ನೋಡಿದೆ. ಅವಳ ಮುಂದಿನ ಹಲ್ಲೊಂದು ಸ್ವಲ್ಪ ಓರೆ ಎಂಬುದು ನನಗೆ ಆಗ ಗೊತ್ತಾಯಿತು.

ಒಂದು ಬೆಳಿಗ್ಗೆ ಅಪ್ಪ ಊರಾಚೆಯ ಅಣೆಕಟ್ಟಿನ ಹಿನ್ನೀರಿನ ಕಡೆಯಿಂದ ಮೀನು ತಂದು ಕೊಟ್ಟು ಕೆಲಸಕ್ಕೆ ಕೂತ. ಅವ್ವ ತಲೆಯ ಭಾಗವನ್ನು ಬೇಯಿಸಿ ತಟ್ಟೆಯಲ್ಲಿ ಆರಲು ಇಟ್ಟಿದ್ದಳು. ಬೆಕ್ಕು ಬುಟ್ಟಿಯಿಂದ ಇಳಿಯಿತು. ತೂರಾಡಿತು, ಕೂತಿತು, ಮತ್ತೆ ಎದ್ದಿತು. ತಟ್ಟೆಗೆ ಮೂಗಿಟ್ಟು, ತಲೆ ಓರೆ ಮಾಡಿ, ಕಟುಂ ಕಟುಂ ಎಂದು ತಿನ್ನತೊಡಗಿತು. ನನಗೆ ಅಳು ಬಂತು. ‘ಅಪ್ಪಾ’ ಎಂದು ಓಡಲು ಎದ್ದೆ. ಅವ್ವ ನನ್ನ ಮುಂಗೈ ಹಿಡಿದಳು.

‘ಅಪ್ಪಗ ಹೇಳಬ್ಯಾಡ’ ಎಂದಳು, ಮೆಲ್ಲಗೆ. ‘ತಿಂತು ಅಂತ ಹೇಳಬ್ಯಾಡ.’

ಅವಳ ಕಣ್ಣು ನೋಡಿ ನಾನು ಕೂತೆ. ಅವಳು ತಟ್ಟೆ ತೊಳೆದು ಬೋರಲು ಹಾಕಿದಳು. ಊಟಕ್ಕೆ ಬಂದ ಅಪ್ಪ ‘ತಿಂತೇನು?’ ಎಂದ. ‘ಎಲ್ಲೀದು, ಮೂಸಿ ನೋಡಿ ಬಿಟ್ಟೈತಿ’ ಎಂದಳು ಅವ್ವ. ಅವಳ ಬೆನ್ನ ಹಿಂದೆ ಬೆಕ್ಕು ಮೀಸೆ ಒರೆಸಿಕೊಳ್ಳುತ್ತಿತ್ತು. ಹಾಲು ತಂದಿದ್ದ ಗೌಡತಿ ಬಾಗಿಲಲ್ಲೇ ನಿಂತು, ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದ್ರ ಲೋಕಕ್ಕ ಗೊತ್ತಾಗಂಗಿಲ್ಲೇನವಾ’ ಎಂದು ಹೋದಳು. ಅಪ್ಪ ಬೆಕ್ಕನ್ನು ನೋಡಿದ. ಅವ್ವನನ್ನು ನೋಡಿದ. ‘ಹಂಗಾರ ಇನ್ನೊಂದಿನ ನೋಡಾಣ’ ಎಂದು ಕೈ ತೊಳೆದ.

ಮರುದಿನವೂ ಇನ್ನೊಂದು ದಿನ ನೋಡೋಣ ಎಂದ. ಅದರ ಮರುದಿನವೂ. ಏನೂ ತಿನ್ನದೆ ಹೊಟ್ಟೆ ಗುಂಡಗಾದ ಬೆಕ್ಕು ಈ ಸೀಮೆಯಲ್ಲಿ ಅದೊಂದೇ. ಕೊನೆಗೆ ಕೊಟ್ಟೂರಿನಿಂದ ಬಂದವರೊಬ್ಬರು ಅಜ್ಜಿಯ ಮಾತು ತಲುಪಿಸಿದರು: ‘ಬೆಕ್ಕು ಸತ್ತೈತೋ ಬದುಕೈತೋ, ನೀವಂತೂ ಬರ್ರಿ.’ ಹೊರಟೆವು. ಅಪ್ಪ ಅವ್ವನ ಕೈಗೆ ಮೇಣದ ಉಂಡೆಯೊಂದನ್ನು ಕೊಟ್ಟ. ಬಸ್ಸಿನಲ್ಲಿ ಅವ್ವ ಆ ಉಂಡೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬೆಕ್ಕು ಬುಟ್ಟಿಯಿಂದ ತಲೆ ಹೊರಹಾಕಿ ಊರೆಲ್ಲ ಕೇಳುವಂತೆ ಕೂಗುತ್ತಲೇ ಇತ್ತು.

ಆ ಬೆಕ್ಕು ಆಮೇಲೂ ಹಲವು ವರ್ಷ ಬಾಳಿತು. ಅವ್ವ ಮಾತ್ರ ಮತ್ತೆಂದೂ ಬಿಲ್ಲಿನ ಹಿಂದೆ ಹೋಗಲಿಲ್ಲ. ಅದಕ್ಕೆ ಒಂದು ನೆಪ ಬೇಕಿತ್ತು, ಬೆಕ್ಕು ಮತ್ತೆ ಕಾಯಿಲೆ ಬೀಳಲಿಲ್ಲ.

ಎಂಬತ್ತರ ದಶಕದ ಕೊನೆಗೆ ಅಪ್ಪ ತೀರಿಕೊಂಡ. ಹತ್ತಿಯ ಧೂಳು ಎದೆಯಲ್ಲಿ ಕೂತಿತ್ತು. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ. ನಾನು ಹರಪನಹಳ್ಳಿಗೆ ಸೊಸೆಯಾಗಿ ಹೋಗಿದ್ದವಳು ಓಡಿ ಬಂದೆ. ಬಿಲ್ಲು ಜಂತಿಗೆ ತೂಗುತ್ತಿತ್ತು, ಅವ್ವ ಅದರ ಕೆಳಗೆ ಮಲಗಿದ್ದಳು. ಅಪ್ಪನನ್ನು ಮಣ್ಣು ಮಾಡಿದಾಗಿನಿಂದ ಅವಳು ಬಾಯಿಗೆ ಏನೂ ಹಾಕಿರಲಿಲ್ಲ. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ‘ನೆನಪ ಹತ್ತೈತಿ, ತಾನಾಗೇ ತಿಂತಾಳ ಬಿಡು’ ಎಂದರು ಓಣಿಯ ಹೆಂಗಸರು. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಒಮ್ಮೆ ಆ ಮಾತು ನಂಬಿ ಒಂದು ಜೀವ ಕಳೆದುಕೊಳ್ಳುವುದರಲ್ಲಿದ್ದೆವು.

ಅವಳ ತಲೆಯನ್ನು ನನ್ನ ತೊಡೆಯ ಮೇಲೆ ತೆಗೆದುಕೊಂಡೆ. ‘ಬಾಯಿ ತೆಗಿ’ ಎಂದೆ. ಹುಚ್ಚು ಎನ್ನಿ, ಏನಾದರೂ ಎನ್ನಿ. ಅವ್ವ ಮಗುವಿನಂತೆ ಬಾಯಿ ತೆರೆದಳು. ನಾನು ಹೇಳುವ ಮೊದಲೇ ನಾಲಿಗೆ ಮೇಲೆತ್ತಿದಳು.

‘ದಾರ ಇಲ್ಲ ಬಿಡವಾ’ ಎಂದಳು.

ಅಪ್ಪನ ತಲೆದಿಂಬಿನ ಹೊಲಿಗೆ ಬಿಚ್ಚಿ, ಅವನೇ ಹಿಂಜಿದ ಹತ್ತಿಯಿಂದ ಒಂದಿಷ್ಟು ಎಳೆದು ಬತ್ತಿ ಹೊಸೆದೆ. ಹಾಲಿನಲ್ಲಿ ಅದ್ದಿ ಅವಳ ತುಟಿಯ ಮೂಲೆಗೆ ಹಿಂಡಿದೆ. ಮೊದಲ ಹನಿ ಗದ್ದಕ್ಕೆ ಇಳಿಯಿತು. ಎರಡನೆಯದೂ ಇಳಿಯಿತು. ಉಸಿರು ಹಿಡಿದು ಮತ್ತೆ ಅದ್ದಿದೆ. ಅವಳ ಗಂಟಲು ಅಲುಗಿತು. ಇನ್ನೊಂದು ಹನಿ, ಅದನ್ನೂ ನುಂಗಿದಳು. ಆಮೇಲೆ ಕಣ್ಣು ತೆರೆದು ಮೇಲೆ ತೂಗುತ್ತಿದ್ದ ಬಿಲ್ಲನ್ನು ನೋಡಿ, ನನ್ನ ಮುಂಗೈ ಹಿಡಿದುಕೊಂಡಳು.

‘ಅಪ್ಪಗ ಹೇಳಬ್ಯಾಡ’ ಎಂದಳು. ‘ತಿಂದ್ಲು ಅಂತ ಹೇಳಬ್ಯಾಡ.’