ಒದ್ದೆ ಗೂಡಿನ ತೂಕ

ಕೋವಿಡ್ ಮುಗಿದ ಮರುವರ್ಷದ ಮಾತು. ರಾಮನಗರದಲ್ಲಿ ನನ್ನ ಔಷಧಿ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಹೊಂಗನೂರಿನಿಂದ ಬಂದು, ಬೇರೆಯವರ ಅಂಗಡಿಯಲ್ಲಿ ಪೆಟ್ಟಿಗೆ ಹೊತ್ತು, ಆಮೇಲೆ ಡಿ.ಫಾರ್ಮಾ ಓದಿ ಹಾಕಿದ ಅಂಗಡಿ ಅದು. ಮಹಡಿಯಲ್ಲಿ ವಾರಕ್ಕೊಮ್ಮೆ ಹೃದಯ ತಜ್ಞೆಯೊಬ್ಬರು ಬಂದು ಕೂರುತ್ತಿದ್ದರು.

ಅನ್ವರ್ ಸಾಬ್ರು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ರೀಲರ್. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಬೆಲೆ ಹೇಳುವವರಲ್ಲ. ನನ್ನಲ್ಲೂ ಒಂದು ಸ್ಟ್ರಿಪ್ ಮಾತ್ರೆಗೆ ಚೌಕಾಸಿ. ಆ ವರ್ಷ ಬೆಂಗಳೂರಿನಲ್ಲಿ ಅವರಿಗೆ ಮೈಟ್ರಲ್ ವಾಲ್ವ್ ರಿಪೇರಿ ಆಪರೇಷನ್ ಆಯಿತು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು ಅದು. ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು.

ಕೆಲವು ವಾರಗಳ ನಂತರ ಹೆಂಡತಿ ನಸೀಮಾ ಜೊತೆ ಅಂಗಡಿಗೆ ಬಂದರು. ಕೇಳಿದಷ್ಟು ದುಡ್ಡು ಇಟ್ಟು ಮಾತ್ರೆ ತಗೊಂಡರು, ಚೌಕಾಸಿಯೇ ಇಲ್ಲ. ನನಗೆ ಅಲ್ಲೇ ಅನುಮಾನ ಬಂತು. ಕಾಲಿನ ಕಡೆ ನೋಡಿದೆ. ಚಪ್ಪಲಿಯ ಪಟ್ಟಿ ಊದಿದ ಪಾದದಲ್ಲಿ ಹೂತಿತ್ತು. ನೀರಿಳಿಸುವ ಮಾತ್ರೆ ನುಂಗುತ್ತಿದ್ದರೆ ಇಷ್ಟು ಊದಬಾರದು.

“ಸಾಬ್ರೇ, ಮಾತ್ರೆ ನುಂಗ್ತಾ ಇಲ್ಲ ಅಲ್ವಾ?”

ನಸೀಮಾ ಗಂಡನ ಕಡೆ ತಿರುಗಿದರು. “ಏನ್ರೀ, ದಿನಾ ನನ್ ಮುಂದೆ ನೀರು ಕುಡೀತಿದ್ರಲ್ಲ?”

“ನೀರು ಕುಡಿದಿದ್ದು ಸುಳ್ಳಾ?” ಎಂದರು ಸಾಬ್ರು. ಆಮೇಲೆ ನನಗೆ, “ಆಪರೇಷನ್‌ಗೆ ಮುಂಚೆ ಎಕೋದಲ್ಲಿ ಅರವತ್ತಿತ್ತು ಗೌಡ್ರೇ. ಆದ್ಮೇಲೆ ನಲವತ್ತೈದು. ರಿಪೇರಿಗೆ ಕೊಟ್ಟ ಮೋಟ್ರು ಇನ್ನೂ ಕೆಟ್ಟು ಬಂದಂಗೆ. ಮಾತ್ರೆ ಬರೆಯೋಕೆ ಮೇಲೆ ಡಾಕ್ಟ್ರು, ಮಾರೋಕೆ ಕೆಳಗೆ ನೀವು. ಒಳಗೊಳಗೇ ಏನೋ ಐತೆ.”

ಎಕೋ ಎಂದರೆ ಹೃದಯದ ಸ್ಕ್ಯಾನ್. ಪ್ರತಿ ಬಡಿತಕ್ಕೆ ಎಡಗಡೆಯ ಕೆಳಕೋಣೆಯಿಂದ ನೂರಕ್ಕೆ ಎಷ್ಟು ಭಾಗ ರಕ್ತ ಹೊರಬಿತ್ತು ಎಂಬ ಲೆಕ್ಕವೇ ಎಜೆಕ್ಷನ್ ಫ್ರಾಕ್ಷನ್; ಸಾಬ್ರು ಹೇಳಿದ ಅಂಕಿ ಅದು. ನನಗೂ ಒಳಗೆ ಅನುಮಾನವಿತ್ತು. ಅಷ್ಟು ಖರ್ಚು ಮಾಡಿದ ಮೇಲೆ ಅಂಕಿ ಇಳಿದರೆ ಯಾವ ವ್ಯಾಪಾರಿ ಸುಮ್ಮನಿರುತ್ತಾನೆ? ಅದು ಡಾಕ್ಟರು ಬರುವ ದಿನವೇ. ಇಬ್ಬರನ್ನೂ ಮಹಡಿಗೆ ಕರೆದೊಯ್ದು ನಾನೇ ಕೇಳಿದೆ.

ಡಾಕ್ಟರು ಬೇಸರಪಡಲಿಲ್ಲ. ಮುಂಚೆ ಹಿಂದಕ್ಕೆ ಸೋರಿದ ರಕ್ತವೂ ಹೊರಬಿದ್ದ ಲೆಕ್ಕಕ್ಕೇ ಸೇರುತ್ತಿತ್ತು. ಅರವತ್ತರಲ್ಲಿ ಅದೂ ಇತ್ತು. ಸೋರಿಕೆ ನಿಂತ ಮೇಲೆ ದಣಿದ ಸ್ನಾಯುವಿನ ನಿಜಸ್ಥಿತಿ ಕಾಣುತ್ತಿದೆ, ಮಾತ್ರೆ ತಪ್ಪಿಸದಿದ್ದರೆ ಕೆಲವು ತಿಂಗಳಲ್ಲಿ ಚೇತರಿಸಬಹುದು ಎಂದರು. “ಗ್ಯಾರಂಟಿ ಕೊಡಲ್ಲ. ಆದ್ರೆ ಹೀಗೇ ಬಿಟ್ರೆ ಹೃದಯ ಸೋತುಬಿಡುತ್ತೆ.”

ಸಾಬ್ರ ಮುಖ ಸಡಿಲವಾಗಲಿಲ್ಲ. ನಸೀಮಾ ಹೇಳಿದರು: “ಒದ್ದೆ ಗೂಡಿನ ತೂಕ ನೋಡಿ ಮೋಸ ಹೋದವರನ್ನ ಕಂಡು ನಗಾಡ್ತೀರಲ್ಲ, ನೂಲು ಬರಲ್ಲ, ನೀರು ಬರುತ್ತೆ ಅಂತ. ಆ ಅರವತ್ತೂ ಅದೇ ಕಣ್ರೀ.”

ಸಾಬ್ರು ಡಾಕ್ಟರ ಕಡೆ ತಿರುಗಿದರು. “ಇನ್ಮೇಲೆ ಮಾರ್ಕೆಟ್‌ಗೆ ಇವಳನ್ನೇ ಕಳಿಸಬೇಕು.”

ಆದರೂ ಮೆಟ್ಟಿಲಿಳಿಯುವಾಗ ನನ್ನ ಕಡೆ ಓರೆಗಣ್ಣು. ನಾನೂ ವ್ಯಾಪಾರವನ್ನೇ ಮಾತಾಡಿದೆ: “ನನ್ ಮೇಲೆ ಅನುಮಾನ ಇದ್ರೆ ಮುಂದಿನ ಬೀದೀಲಿ ತಗೊಳ್ಳಿ. ಆದ್ರೆ ನುಂಗಿ. ನಸೀಮಕ್ಕನಿಗೆ ಬಾಯಿ ತೆಗೆದು ತೋರಿಸಿ.”

ಮುಂದಿನ ಬೀದಿಗೇ ಹೋದರು. ತಿಂಗಳುಗಟ್ಟಲೆ ಬರಲಿಲ್ಲ. ನುಂಗುತ್ತಿದ್ದಾರೋ ಇಲ್ಲವೋ ಎಂಬ ಕೊರೆತ ನನಗೆ ಉಳಿಯಿತು.

ಒಂದು ಬೆಳಿಗ್ಗೆ ಪ್ರತ್ಯಕ್ಷರಾಗಿ, ಬೇರೆ ಅಂಗಡಿಯ ಖಾಲಿ ಸ್ಟ್ರಿಪ್ಪನ್ನು ಕೌಂಟರಿನ ಮೇಲಿಟ್ಟರು. ಪಾದದ ಊತ ಇಳಿದಿತ್ತು. “ಐವತ್ತೈದು ಬಂದೈತೆ ಗೌಡ್ರೇ, ಒಣಗಿದ ತೂಕ. ಆ ಅಂಗಡೀಲಿ ನೂರಕ್ಕೆ ಹತ್ತು ರೂಪಾಯಿ ಬಿಡ್ತಾರೆ. ನೀವೆಷ್ಟು ಬಿಡ್ತೀರ?”

ಹನ್ನೆರಡು ಬಿಟ್ಟೆ.

ಅನುಮಾನ ಬಂದರೆ ಡಾಕ್ಟರ ಮುಂದೆ ಇಡಿ, ಮಾತ್ರೆಯ ಮೇಲೆ ತೀರಿಸಿಕೊಳ್ಳಬೇಡಿ ಎಂದು ರೋಗಿಗಳಿಗೆ ಇವತ್ತಿಗೂ ಹೇಳುತ್ತೇನೆ. ಹೊಸದಾಗಿ ಅಂಗಡಿ ಹಾಕುವವರಿಗೆ ಹೇಳುವುದು ಬೇರೆ. ಚೌಕಾಸಿ ಮಾಡುವವನ ಚಿಂತೆ ಬೇಡ, ಅವನು ನುಂಗುತ್ತಾನೆ. ಸುಮ್ಮನೆ ದುಡ್ಡಿಟ್ಟು ಹೋಗುವವನ ಕಾಲು ನೋಡಿ.