ಬರಿಬುಟ್ಟಿಯ ತೂಕ

ಕಾರ್ಕಳದ ಮಾರುಕಟ್ಟೆಯಲ್ಲಿ ಮೀನು ಮಾರುವ ನನ್ನ ಅಕ್ಕನಿಗೆ ಒಂದು ವ್ರತವುಂಟು: ಪ್ರತಿ ಸಲವೂ ಮೊದಲು ಬರಿಬುಟ್ಟಿಯನ್ನು ತಕ್ಕಡಿಗಿಟ್ಟು, ಅದರ ತೂಕವನ್ನು ಗಿರಾಕಿಗೆ ತೋರಿಸಿ, ಆಮೇಲೆಯೇ ಬಂಗುಡೆ ತುಂಬುವುದು. ಅದೇ ಬುಟ್ಟಿಗೆ ನಿತ್ಯವೂ ಈ ಉಪಚಾರವೇಕೆಂದು, ಮಣಿಪಾಲದಲ್ಲಿ ಕಂಪ್ಯೂಟರ್ ಪಾಠ ಹೇಳುವ ವಿದ್ವಾಂಸನಾದ ನಾನು ಎಷ್ಟೋ ಬಾರಿ ರೇಗಿದ್ದೇನೆ. ನೀರು ಕುಡಿದ ಬುಟ್ಟಿ ನಿನ್ನೆಯಷ್ಟೇ ತೂಗುವುದಿಲ್ಲ ಎಂಬುದು ಅವಳ ಸಮಾಧಾನ.

ಹಾಗೆ ರೇಗುವ ಅಧಿಕಾರವನ್ನು ನಾನು ಕಳೆದುಕೊಂಡದ್ದು ಕಾಪುವಿನಲ್ಲಿ ದೋಣಿಯಿರುವ ಅವಳ ಗಂಡನಿಂದ. ಬಲೆ ಹರಿಯುವ ಕಡಲಕಲ್ಲುಗಳು ಎಲ್ಲೆಲ್ಲಿವೆಯೆಂದು ಭಾವ ಹೇಳಿದ್ದನ್ನೆಲ್ಲ ಒಂದು ಪುಟ್ಟ ಯಂತ್ರಕ್ಕೆ ತುಂಬಿ, ಕಲ್ಲು ಸಮೀಪಿಸಿದರೆ ಕೂಗುವ ಪ್ರೋಗ್ರಾಮೊಂದನ್ನು ಬರೆದುಕೊಟ್ಟೆ. ಯಂತ್ರದ ಮೆಮೊರಿ ಬಹಳ ಕಡಿಮೆ. ಆದ್ದರಿಂದ ಕಲ್ಲುಗಳ ಪಟ್ಟಿಗೆ ಎಷ್ಟು ಜಾಗ ಬೇಕೆಂದು ಪ್ರೋಗ್ರಾಮಿಂಗ್ ಭಾಷೆಯನ್ನೇ ಕೇಳಿ, ಅದು ಕೊಟ್ಟ ಅಲ್ಪಸಂಖ್ಯೆಯನ್ನು ನಂಬಿ ಬೀಗಿದೆ. ಆ ದರಿದ್ರ ಭಾಷೆ ಹೇಳಿದ್ದು ಪಟ್ಟಿಯೆಂಬ ಹೊರಗಿನ ಬುಟ್ಟಿಯ ಲೆಕ್ಕವನ್ನು ಮಾತ್ರ! ಒಳಗೆ ಒಂದೊಂದು ಕಲ್ಲಿಗೂ ಹೆಸರು, ಆಳ, ಯಾವ ಗಾಳಿಗೆ ದೋಣಿ ಅತ್ತ ಸರಿಯುತ್ತದೆಂಬ ಭಾವನ ಟಿಪ್ಪಣಿ. ಅವುಗಳಲ್ಲಿ ಒಂದೊಂದಕ್ಕೂ ಮತ್ತೆ ಜಾಗ ತಿನ್ನುವ ಅದರದೇ ಕವಚ. ಒಳಗಿನದನ್ನು ನಾನು ಕೇಳಲಿಲ್ಲ, ಅದು ಹೇಳಲಿಲ್ಲ; ಇಂಥ ಪ್ರಾಮಾಣಿಕತೆಯನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ನನ್ನ ಮೇಜಿನ ಮೇಲೆ ಪರೀಕ್ಷೆಗೆಂದು ಹತ್ತೇ ಕಲ್ಲುಗಳ ವಿವರ ತುಂಬಿದಾಗ ಸೊಗಸಾಗಿ ಕೂಗಿದ ಯಂತ್ರ, ಕಡಲಲ್ಲಿ ಎಲ್ಲ ಕಲ್ಲುಗಳನ್ನೂ ಹೊತ್ತು ಉಸಿರುಗಟ್ಟಿ ಸುಮ್ಮನಾಯಿತು. ಆ ಮೌನವನ್ನು ನಂಬಿ ಮುಂದೆ ಹೋದ ಭಾವನ ಹೊಸ ಬಲೆ ಸೀಳಿಹೋಯಿತು. ವಾರವಿಡೀ ಅವನು ದೋಣಿ ಇಳಿಸದೆ ದಡದಲ್ಲಿ ಕುಳಿತು ಬಲೆ ಹೆಣೆದ.

ಭಾಷೆಯನ್ನೂ ಯಂತ್ರವನ್ನೂ ಮನಸಾರೆ ಶಪಿಸಿ, ಶಪಿಸಲು ಬೇರೆ ಯಾರೂ ಉಳಿಯದೆ ನನ್ನ ಸರದಿ ಬಂದಾಗ, ಕಾರ್ಕಳಕ್ಕೆ ಹೋಗಿ ಅಕ್ಕನೆದುರು ತಪ್ಪೊಪ್ಪಿಕೊಂಡೆ. ಆಮೇಲೆ ಪಟ್ಟಿಯನ್ನು ಬಿಚ್ಚಿ, ಒಳಗಿನದನ್ನೆಲ್ಲ ಕೂಡಿಸಿ, ಟಿಪ್ಪಣಿಗಳನ್ನು ಮೊಟಕುಗೊಳಿಸಿ, ಎಲ್ಲ ಕಲ್ಲುಗಳನ್ನೂ ಹೊರಿಸಿ ಇಡೀ ದಿನ ಓಡಿಸಿ ನೋಡಿದೆ.

ಕಾಪುವಿಗೆ ಒಯ್ದಾಗ ಭಾವ ಯಂತ್ರವನ್ನು ಮುಟ್ಟಲಿಲ್ಲ. ನನ್ನ ಮುಖ ನೋಡಿ ಕೇಳಿದ:

"ಈ ಸಲ ಮೀನು ಹಾಕಿ ತೂಗಿದ್ದಾ ಮಾರಾಯ, ಬರೀ ಬುಟ್ಟಿಯಾ?"

"ಮೀನು ಹಾಕಿಯೇ, ಭಾವ."

ಅವನು ಕೈ ಚಾಚಿದ.

ನಿನ್ನೆ ಅಕ್ಕ ಎಂದಿನಂತೆ ಬರಿಬುಟ್ಟಿಯನ್ನು ತಕ್ಕಡಿಗಿಟ್ಟಳು. ಹಿಂದೆ ನಿಂತಿದ್ದ ಗಿರಾಕಿಯೊಬ್ಬರು ಬಸ್ಸು ತಪ್ಪುತ್ತದೆಂದು ಗೊಣಗಿದರು. ಮುಳ್ಳು ನಿಲ್ಲುವವರೆಗೆ ತಾಳಿ ಎಂದು ಅವರಿಗೆ ಹೇಳಿದವನು ನಾನು.