ಬಸವಣ್ಣೆಮ್ಮನ ಬಣವೆ

ಬಸವಣ್ಣೆಮ್ಮನ ಮನೆಗೆ ಬಂದವರು ಬರಿಹೊಟ್ಟೆಯಲ್ಲಿ ಹೋದದ್ದಿಲ್ಲ, ಆ ಮನೆಯ ಕೊರತೆ ಕಂಡದ್ದೂ ಇಲ್ಲ. ಗಂಡ ತೀರಿಕೊಂಡ ಮೇಲೂ ಕೊಂಡಜ್ಜಿ ಊರಿನ ಮೇಲಿನ ಬಯಲಿನಲ್ಲಿ ಎತ್ತು ಕಟ್ಟಿ ಜೋಳ ಬೆಳೆದ ಗಟ್ಟಿಗಿತ್ತಿ ಅವಳು. ‘ಇಲ್ಲ’ ಎಂದರೆ ಇವಳ ಹಲ್ಲು ಉದುರುತ್ತವೆ ಎಂದು ನೆರೆಯ ತೋಟಪ್ಪ ಚುಡಾಯಿಸುತ್ತಿದ್ದ.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಮಳೆ ಕೈಕೊಟ್ಟಿತು. ಭದ್ರಾ ನಾಲೆಯ ನೀರು ಹತ್ತದ ಆ ಬಯಲಿನಲ್ಲಿ ಜೋಳ ಮೊಣಕಾಲೆತ್ತರಕ್ಕೇ ಒಣಗಿತು. ಅಂಗಳದ ಮೇವಿನ ಬಣವೆ ಕರಗಿತು. ಬಣವೆಯಿಲ್ಲದ ಮನೆಗೆ ಮರ್ಯಾದೆಯುಂಟೇ? ಬಸವಣ್ಣೆಮ್ಮ ಜಾಲಿಮುಳ್ಳು ಒಟ್ಟಿ, ಉಳಿದಿದ್ದ ನಾಲ್ಕು ಸಿವುಡು ಜೋಳದ ದಂಟನ್ನು ಮೇಲೆ ಹೊದಿಸಿ, ತುಂಬಿದ ಬಣವೆಯಂತೆ ನಿಲ್ಲಿಸಿಬಿಟ್ಟಳು. ಕೊಟ್ಟಿಗೆಯೊಳಗೆ ಎತ್ತುಗಳ ಪಕ್ಕೆಲುಬು ಎದ್ದಿದ್ದವು.

ಅಂಥ ಹೊತ್ತಿನಲ್ಲಿ ಜೀಪಿನಿಂದ ಉಮಾಮಹೇಶ್ವರಿ ಇಳಿದಳು. ದಾವಣಗೆರೆ ಪಿ.ಜೆ. ಬಡಾವಣೆಯ ಹುಡುಗಿ, ಈಗ ಬೆಂಗಳೂರಿನಲ್ಲಿ ಉಪಗ್ರಹದ ಚಿತ್ರ ನೋಡಿ ಬರ ಗುರುತಿಸುವ ಸಂಶೋಧನೆ ಅವಳದು. ಚಾಪೆಯ ಮೇಲೆ ಎರಡು ಚಿತ್ರ ಹರಡಿದಳು.

“ಇದರಾಗೆ ಹಸಿರು ಬೆಳೆ ಕೆಂಪಗೆ ಕಾಣ್ತೈತ್ರಮ್ಮ. ಇದು ಮಳೆ ಚಲೋ ಆದ ವರ್ಷದ್ದು. ಇದು ಈ ಸಲದ್ದು, ನಿಮ್ಮ ಬಯಲಾಗೆ ಕೆಂಪೇ ಇಲ್ಲ. ಮೇಲಿಂದ ಕಂಡಿದ್ದು ನೆಲದಾಗೂ ಖರೆ ಐತೇನು ಅಂತ ನೋಡಾಕೆ ಬಂದೀನಿ. ಖರೆ ಆದ್ರೆ ಮೇವಿನ ಕೇಂದ್ರ ಬೇಕು ಅಂತ ಸರ್ಕಾರಕ್ಕೆ ಬರೀತೀನಿ.”

“ಮೊದ್ಲು ಕೂಡ್ರಿ ತಾಯಿ, ರೊಟ್ಟಿ ತಿನ್ರಿ,” ಎಂದು ಬಸವಣ್ಣೆಮ್ಮ ತಟ್ಟೆ ಇಟ್ಟಳು. “ನಮಗೇನು ಕಡಿಮೆ ಆಗೈತೆ? ಬಣವೆ ಐತೆ ನೋಡ್ರಿ.” ಬಾವಿ ಪಕ್ಕದ ಅಂಗೈಯಗಲದ ಹಸಿರನ್ನೂ ತೋರಿಸಿದಳು.

ಉಮಾಮಹೇಶ್ವರಿ ಬಣವೆ ನೋಡಿದಳು, ಚಿತ್ರ ನೋಡಿದಳು. “ಹಂಗಾದ್ರೆ ಚಿತ್ರಾನೇ ತಪ್ಪೇನೋ,” ಎಂದು ಪೆನ್ನು ತೆಗೆದಳು.

ಜೀಪು ಕಂಡು ಬಂದು ನಿಂತಿದ್ದ ತೋಟಪ್ಪನಿಗೆ ಬಣವೆಯ ಗುಟ್ಟು ಗೊತ್ತಿತ್ತು. ಊರ ದನಗಳ ಪ್ರಾಣ ಆ ಪೆನ್ನಿನ ತುದಿಯಲ್ಲಿತ್ತು. ಆದರೂ ಬಂದವರ ಮುಂದೆ ಹೆಣ್ಣುಮಗಳ ಮಾನ ಕಳೆಯಲು ಅವನಿಗೆ ಬಾಯಿ ಬರಲಿಲ್ಲ. ಕೊಟ್ಟಿಗೆಯಲ್ಲಿ ಎತ್ತು ಕ್ಷೀಣವಾಗಿ ಕೂಗಿತು.

ಬಸವಣ್ಣೆಮ್ಮ ಎದ್ದು ಹೋಗಿ ಬಣವೆಯ ದಂಟು ಎಳೆದು ಕೆಡವಿದಳು. ಮುಳ್ಳು ಗೀರಿ ಕೈಯಲ್ಲಿ ರಕ್ತ ಬಂತು.

“ಬರ್ಕೋ ತಾಯಿ. ಮೇವಿಲ್ಲ. ಏನೂ ಇಲ್ಲ. ನಿನ್ನ ಚಿತ್ರ ಸುಳ್ಳಲ್ಲ, ನಾನು ಸುಳ್ಳಿ.”

ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಉಮಾಮಹೇಶ್ವರಿ ರೊಟ್ಟಿಯನ್ನು ಚೂರೂ ಬಿಡದೆ ಉಂಡು, ಕೈ ತೊಳೆದು, ಆಮೇಲೆ ಬರೆದಳು. ಬರಿದಾದ ಮನೆಗೂ ಮರ್ಯಾದೆ ಕೊಟ್ಟ ಆ ಊಟಕ್ಕೇ ಬಸವಣ್ಣೆಮ್ಮ ಸಾಯುವತನಕ ಅವಳಿಗೆ ಋಣಿಯಾಗಿದ್ದಳು.

ಕೊಂಡಜ್ಜಿಯಲ್ಲಿ ಮೇವಿನ ಕೇಂದ್ರ ತೆರೆಯಿತು, ನೀರಾವರಿಯ ನಂದಿಗುಡಿ ಕಡೆಯ ಭತ್ತದ ಹುಲ್ಲು ಲಾರಿಯಲ್ಲಿ ಬಂತು. ನೋಡಲು ಬಂದ ಉಮಾಮಹೇಶ್ವರಿಯ ಕೈಯನ್ನು ಬಸವಣ್ಣೆಮ್ಮ ಎಲ್ಲರೆದುರೇ ಹಿಡಿದುಕೊಂಡಳು.

“ಮಾನ ಉಳಿಸ್ಕೊಳ್ಳಾಕೆ ಹೋಗಿ ಎತ್ತು ಕೊಲ್ತಿದ್ದೆ ಮಗಳೆ. ನೀನು ಎರಡನ್ನೂ ಉಳಿಸಿದಿ.”